ನಿಪ್ಪಾಣಿಯಿಂದ ನಲವತ್ತು ಕಿಲೋಮೀಟರ್

ಎದುರು ಮನೆಯ ಅಜ್ಜಿ ತೀರಿಕೊಂಡ ಮೂರನೇ ವಾರ ಅವರ ಮಗಳು ನಮ್ಮ ಬಾಗಿಲು ತಟ್ಟಿದರು. ಕೈಯಲ್ಲಿ ತಗಡಿನ ಬಿಸ್ಕತ್ತಿನ ಡಬ್ಬಿ. ಅದರೊಳಗೆ ಹಳೆಯ ಫೋಟೋಗಳು. ಒಂದರಲ್ಲಿ ಸ್ಕೌಟ್ ಬಟ್ಟೆ ತೊಟ್ಟ ಹತ್ತು ಹನ್ನೆರಡು ಬಿಳಿ ಹುಡುಗಿಯರು ಸಾಲಾಗಿ ನಿಂತಿದ್ದಾರೆ. ಹಿಂದೆ ಹೆಂಚಿನ ಮಾಡಿನ ಉದ್ದನೆಯ ಶೆಡ್ಡು. ಬದಿಗೆ ಒಂದು ಬಾಳೆಗಿಡ. ಫೋಟೋದ ಬೆನ್ನಿಗೆ ಪೆನ್ಸಿಲಿನಲ್ಲಿ ಬರೆದದ್ದು: ವಳಿವಡೆ, 1946. ‘ಅಮ್ಮ ಈ ಜಾಗದ ಬಗ್ಗೆ ನಮ್ಮ ಹತ್ತಿರ ಜಾಸ್ತಿ ಮಾತಾಡಲೇ ಇಲ್ಲ. ನಿಮ್ಮ ಹತ್ತಿರ ಮಾತಾಡುತ್ತಿದ್ದರು. ಏನೇನು ಹೇಳಿದರು ಅಂತ ಬರೆದುಕೊಡ್ತೀರಾ?’ ಅಂದರು. ಖಂಡಿತ ಅಂದೆ. ಅವತ್ತು ರಾತ್ರಿಯೇ ಇಂಗ್ಲಿಷಿನಲ್ಲಿ ಬರೆಯಲು ಕೂತೆ. ಎರಡು ಪುಟ ಆಯಿತು. ಓದಿ ನೋಡಿದರೆ ಯಾವುದೋ ಅರ್ಜಿಯ ಹಾಗಿತ್ತು. ಹುಟ್ಟಿದ್ದು ಇಲ್ಲಿ, ಹೋದದ್ದು ಅಲ್ಲಿಗೆ, ಬಂದದ್ದು ಇಂಥ ವರ್ಷ. ಅಜ್ಜಿ ಅದರಲ್ಲಿ ಇರಲೇ ಇಲ್ಲ. ಅವರು ಹೇಳಿದ್ದನ್ನೆಲ್ಲ ನಾನು ಕೇಳಿಸಿಕೊಂಡದ್ದು ನಿಪ್ಪಾಣಿಯ ಕಿವಿಯಿಂದ. ಅದಕ್ಕೇ ಮೊದಲು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಆಮೇಲೆ ಮಗಳಿಗೆ ಬೇಕಾದ ಹಾಗೆ ಮಾಡಿಕೊಟ್ಟರಾಯಿತು.

ಇನ್ನೊಂದು ಕಾರಣವೂ ಇದೆ. ಕೊಲ್ಹಾಪುರದ ಪಕ್ಕದ ವಳಿವಡೆ ನಮ್ಮೂರು ನಿಪ್ಪಾಣಿಯಿಂದ ಹೆಚ್ಚುಕಡಿಮೆ ನಲವತ್ತು ಕಿಲೋಮೀಟರ್. ಎರಡನೇ ಮಹಾಯುದ್ಧದ ಕಾಲದಲ್ಲಿ ಬಂದ ಸುಮಾರು ಐದು ಸಾವಿರ ಪೋಲಂಡಿನ ಜನ ಅಲ್ಲಿ ಐದು ವರ್ಷ ಬದುಕಿದ್ದರು. ಹೆಚ್ಚಿನವರು ಹೆಂಗಸರು, ಮಕ್ಕಳು. ಅಷ್ಟು ಹತ್ತಿರದಲ್ಲಿ ಹುಟ್ಟಿ ಬೆಳೆದ ನನಗೆ ಇದು ಗೊತ್ತಾದದ್ದು ಲಂಡನ್ನಿನ ಒಂದು ಬಸ್ ಸ್ಟಾಪಿನಲ್ಲಿ. ಈ ಮಾತು ಇಷ್ಟು ವರ್ಷವಾದರೂ ನನ್ನನ್ನು ಬಿಟ್ಟಿಲ್ಲ.

ಪಾನಿ

ಈಲಿಂಗ್‌ಗೆ ನಾವು ಬಂದದ್ದು 2013ರಲ್ಲಿ. ಪಶ್ಚಿಮ ಲಂಡನ್ನಿನ ಆ ಕಡೆ ಪೋಲಂಡಿನವರು ತುಂಬಾ ಇದ್ದಾರೆ. 2004ರಲ್ಲಿ ಪೋಲಂಡ್ ಯುರೋಪಿಯನ್ ಒಕ್ಕೂಟ ಸೇರಿದ ಮೇಲೆ ಕೆಲಸಕ್ಕೆ ಬಂದವರು ಅಂತಲೇ ನಾನು ಅಂದುಕೊಂಡಿದ್ದೆ. ಎದುರು ಮನೆಯ ಅಜ್ಜಿಯೂ ಮಗಳ ಜೊತೆ ಹಾಗೆ ಬಂದಿರಬೇಕು ಅನ್ನುವುದು ನನ್ನ ಲೆಕ್ಕ. ಆಗ ಅವರಿಗೆ ಎಂಬತ್ತು. ನೆಟ್ಟಗಿನ ಬೆನ್ನು, ಬಿಗಿಯಾಗಿ ಕಟ್ಟಿದ ಬಿಳಿ ಕೂದಲು, ಮಳೆ ಇರಲಿ ಬಿಡಲಿ ಕೈಯಲ್ಲೊಂದು ಛತ್ರಿ.

ಒಂದು ದಿನ ಬಸ್ಸಿಗೆ ಕಾಯುವಾಗ ಮಗ ಹಠ ಮಾಡುತ್ತಿದ್ದ. ನಾನು ಕನ್ನಡದಲ್ಲಿ ಗದರಿದೆ. ಪಕ್ಕದಲ್ಲಿದ್ದ ಅಜ್ಜಿ ತಿರುಗಿ ಯಾವ ಊರು ಅಂತ ಕೇಳಿದರು. ಇಂಡಿಯಾ ಅಂದೆ. ‘ಅದು ಗೊತ್ತು, ಇಂಡಿಯಾದಲ್ಲಿ ಎಲ್ಲಿ?’ ಅಂದರು. ಕರ್ನಾಟಕ ಅಂದೆ. ಅದೂ ಸಾಲಲಿಲ್ಲ. ಬೆಳಗಾವಿ ಅಂದೆ. ಅವರ ಮುಖದಲ್ಲಿ ಏನೋ ಆಯಿತು. ‘ಮೀರಜ್ ದಾಟಿ ಹೋದರೆ ಬರುತ್ತಲ್ಲ, ಆ ಬೆಳಗಾವಿನಾ?’ ಬಸ್ಸು ಬಂದು ಹೋಯಿತು, ನಾವಿಬ್ಬರೂ ಹತ್ತಲಿಲ್ಲ. ಊರಿನ ಹೆಸರು ನಿಪ್ಪಾಣಿ ಅಂದಾಗ ಅವರು ನಕ್ಕುಬಿಟ್ಟರು. ಪೋಲಿಶ್ ಭಾಷೆಯಲ್ಲಿ ಪಾನಿ ಅಂದರೆ ಶ್ರೀಮತಿ, ಅಮ್ಮಾವ್ರು ಅಂತ. ವಳಿವಡೆಗೆ ಹೊಸದಾಗಿ ಬಂದಾಗ ನೀರು ಹೊರುವವನು ಬೀದಿಯಲ್ಲಿ ‘ಪಾನಿ, ಪಾನಿ’ ಅಂತ ಕೂಗಿದರೆ ಹೆಂಗಸರೆಲ್ಲ ತಮ್ಮನ್ನೇ ಕರೆಯುತ್ತಿದ್ದಾನೆ ಅಂತ ಬಾಗಿಲಿಗೆ ಬರುತ್ತಿದ್ದರಂತೆ. ಅಂದಿನಿಂದ ಅವರು ನನ್ನನ್ನು ‘ನಿಪ್ಪಾನಿ’ ಅಂತಲೇ ಕರೆದರು. ನಾನು ಅವರನ್ನು ಪಾನಿ ಅಂದೆ. ಇಲ್ಲೂ ಹಾಗೇ ಬರೆಯುತ್ತೇನೆ. ಅವರ ಹೆಸರು ಅವರ ಮನೆಯವರದ್ದು.

ಮೀರಜ್ ಅನ್ನುವ ಹೆಸರನ್ನು ಈಲಿಂಗ್‌ನಲ್ಲಿ ಎಂಬತ್ತು ವರ್ಷದ ಬಿಳಿ ಹೆಂಗಸಿನ ಬಾಯಲ್ಲಿ ಕೇಳುವುದು ಹೇಗಿರುತ್ತೆ ಅಂತ ನಮ್ಮ ಕಡೆಯವರಿಗೆ ಬೇರೆ ಹೇಳಬೇಕಿಲ್ಲ. ನಮಗೆಲ್ಲ ದೊಡ್ಡ ಆಸ್ಪತ್ರೆ ಅಂದರೆ ಮೀರಜ್, ದೇವಿ ಅಂದರೆ ಕೊಲ್ಹಾಪುರದ ಮಹಾಲಕ್ಷ್ಮಿ, ಮದುವೆ ಜವಳಿ ಅಂದರೆ ಗಾಂಧಿನಗರ. ಈ ಗಾಂಧಿನಗರಕ್ಕೆ ಆಮೇಲೆ ಬರುತ್ತೇನೆ.

ನಾದಿದ ಹಿಟ್ಟು

ಪಾನಿ ಹುಟ್ಟಿದ್ದು 1933ರಲ್ಲಿ, ವೊಲಿನ್ ಅನ್ನುವ ಪ್ರಾಂತ್ಯದಲ್ಲಿ. ಆಗ ಅದು ಪೋಲಂಡ್, ಈಗ ಉಕ್ರೇನ್. ಅವರ ಅಪ್ಪ 1920ರ ಯುದ್ಧದಲ್ಲಿ ಸೋವಿಯತ್ ಸೈನ್ಯದ ವಿರುದ್ಧ ಹೋರಾಡಿದವರು. ಅಂಥ ಸೈನಿಕರಿಗೆ ಸರ್ಕಾರ ಗಡಿಯಲ್ಲಿ ಜಮೀನು ಕೊಟ್ಟಿತ್ತು. 1939ರ ಸೆಪ್ಟೆಂಬರ್ 1ಕ್ಕೆ ಹಿಟ್ಲರ್ ಪಶ್ಚಿಮದಿಂದ ನುಗ್ಗಿದ್ದು ನಮಗೆ ಶಾಲೆಯಲ್ಲಿ ಪಾಠವಿತ್ತು. ಸೆಪ್ಟೆಂಬರ್ 17ಕ್ಕೆ ಸ್ಟಾಲಿನ್ ಪೂರ್ವದಿಂದ ನುಗ್ಗಿದ್ದು ನನಗಂತೂ ಯಾರೂ ಹೇಳಿರಲಿಲ್ಲ. ಮಾಜಿ ಸೈನಿಕರು, ಅರಣ್ಯ ಸಿಬ್ಬಂದಿ, ಅವರ ಹೆಂಡತಿ ಮಕ್ಕಳು, ಇವರೆಲ್ಲ ಸೋವಿಯತ್ ಆಡಳಿತದ ಪಟ್ಟಿಯಲ್ಲಿದ್ದರು. 1940ರ ಫೆಬ್ರವರಿ 10ರಂದು, ಮೈ ಕೊರೆಯುವ ಚಳಿಯಲ್ಲಿ, ಪೂರ್ವ ಪೋಲಂಡಿನ ಉದ್ದಕ್ಕೂ ಸಾವಿರಾರು ಮನೆಗಳ ಬಾಗಿಲನ್ನು ಬಂದೂಕಿನ ಹಿಡಿಯಿಂದ ಬಡಿದರು. ಆ ಒಂದೇ ಸುತ್ತಿನಲ್ಲಿ ಸುಮಾರು 1,40,000 ಜನರನ್ನು ಎತ್ತಿಕೊಂಡು ಹೋದರು. ಮುಂದಿನ ವರ್ಷ ಜೂನ್‌ವರೆಗೆ ಇಂಥ ಇನ್ನೂ ಮೂರು ಸುತ್ತು ಆಯಿತು.

ಪಾನಿಗೆ ಆಗ ಏಳು ತುಂಬಿರಲಿಲ್ಲ. ಅರ್ಧ ಗಂಟೆ ಟೈಮ್ ಕೊಟ್ಟರಂತೆ. ಹಿಂದಿನ ರಾತ್ರಿ ಅಮ್ಮ ರೊಟ್ಟಿಗೆ ಹಿಟ್ಟು ನಾದಿ, ಮರದ ತೊಟ್ಟಿಯಲ್ಲಿಟ್ಟು, ಮೇಲೆ ಬಟ್ಟೆ ಮುಚ್ಚಿದ್ದರು. ಬೆಳಗಿನ ಹೊತ್ತಿಗೆ ಅದು ಉಬ್ಬಿ ಬಟ್ಟೆಯನ್ನು ಮೇಲೆತ್ತಿತ್ತು. ಸೈನಿಕನೊಬ್ಬ ಕಾಗದ ಓದುತ್ತಿದ್ದರೆ ಅಮ್ಮ ಹಿಟ್ಟನ್ನೇ ನೋಡುತ್ತಿದ್ದರು. ಬೇಯಿಸಲು ಒಂದು ಗಂಟೆ ಬೇಕು, ಇರುವುದು ಅರ್ಧ ಗಂಟೆ. ಕೊನೆಗೆ ಬಟ್ಟೆಯನ್ನು ಸರಿಯಾಗಿ ಮುಚ್ಚಿ ಎದ್ದರಂತೆ. ತಂದದ್ದು ಒಂದು ಗರಿಯ ಕೌದಿ, ಎರಡು ಪಾತ್ರೆ, ಒಂದು ಮೂಟೆ ಆಲೂಗಡ್ಡೆ, ಪಾನಿಯ ನಾಲ್ಕು ವರ್ಷದ ತಮ್ಮ. ಈ ಕತೆಯನ್ನು ಪಾನಿ ನನಗೆ ಎಷ್ಟೋ ಸಲ ಹೇಳಿದ್ದಾರೆ. ಪ್ರತಿ ಸಲವೂ ಬಂದೂಕಿನ ವಿಷಯ ಬೇಗ ಮುಗಿಯುತ್ತಿತ್ತು. ಹಿಟ್ಟಿನ ವಿಷಯ ನಿಧಾನಕ್ಕೆ ಬರುತ್ತಿತ್ತು. ಎಂಬತ್ತೈದನೇ ವಯಸ್ಸಿನಲ್ಲೂ ಊಟವಾದ ಮೇಲೆ ಅವರು ಮೇಜಿನ ಮೇಲಿನ ಬ್ರೆಡ್ಡಿನ ಚೂರುಗಳನ್ನು ಅಂಗೈಯಿಂದ ಗುಡಿಸಿ ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಮಗಳು ‘ಅಮ್ಮಾ’ ಅಂತ ತಡೆದರೂ ಕೇಳುತ್ತಿರಲಿಲ್ಲ.

ದನ ಸಾಗಿಸುವ ರೈಲು ಡಬ್ಬಿಯಲ್ಲಿ ವಾರಗಟ್ಟಲೆ ಪ್ರಯಾಣ. ಉತ್ತರ ರಷ್ಯಾದ ಆರ್ಕಾಂಗೆಲ್ಸ್ಕ್ ಕಡೆಯ ಕಾಡು. ಮರ ಕಡಿದರೆ ಮಾತ್ರ ಬ್ರೆಡ್ಡು. ಅದರ ಬಗ್ಗೆ ಅವರು ಹೆಚ್ಚು ಹೇಳಲಿಲ್ಲ, ನಾನೂ ಕೆದಕಲಿಲ್ಲ. 1941ರ ಜೂನ್‌ನಲ್ಲಿ ಹಿಟ್ಲರ್ ಸೋವಿಯತ್ ಮೇಲೆಯೇ ಬಿದ್ದ. ಜುಲೈ 30ಕ್ಕೆ ಲಂಡನ್ನಿನಲ್ಲಿದ್ದ ಪೋಲಿಶ್ ಸರ್ಕಾರಕ್ಕೂ ಸ್ಟಾಲಿನ್‌ಗೂ ಒಪ್ಪಂದವಾಯಿತು. ಸೆರೆಯಲ್ಲಿದ್ದ ಪೋಲಂಡಿನವರನ್ನು ಬಿಡಬೇಕು, ಅವರಿಂದ ಒಂದು ಸೈನ್ಯ ಕಟ್ಟಬೇಕು ಅಂತ. ಅದನ್ನು ಕಟ್ಟಲು ಮಾಸ್ಕೋದ ಜೈಲಿನಿಂದಲೇ ಹೊರಬಂದ ಜನರಲ್ ಆಂಡರ್ಸ್ ಬಳಿಗೆ ಜನ ದಕ್ಷಿಣಕ್ಕೆ ನಡೆದರು, ರೈಲು ಹತ್ತಿದರು, ದಾರಿಯಲ್ಲಿ ಸತ್ತರು. ಪಾನಿಯ ಅಪ್ಪ ಸೈನ್ಯ ಸೇರಿದರು. ಅಮ್ಮ ಉಜ್ಬೆಕಿಸ್ತಾನದ ಒಂದು ಹಳ್ಳಿಯಲ್ಲಿ ಗರಿಯ ಕೌದಿ ಕೊಟ್ಟು ಹಿಟ್ಟು ತಂದರು. ತಮ್ಮ ಅಲ್ಲೇ ಟೈಫಸ್ ಜ್ವರದಲ್ಲಿ ಹೋದ. ಗೋರಿ ಎಲ್ಲಿದೆ ಅಂತ ಯಾರಿಗೂ ಗೊತ್ತಿಲ್ಲ. 1942ರಲ್ಲಿ ಎರಡು ಸುತ್ತಿನಲ್ಲಿ ಸುಮಾರು 1,15,000 ಜನ ಕ್ಯಾಸ್ಪಿಯನ್ ಸಮುದ್ರ ದಾಟಿ ಇರಾನಿನ ಪಹ್ಲವಿ ಬಂದರಿಗೆ ಬಂದಿಳಿದರು. ಅದರಲ್ಲಿ ಸೈನಿಕರೂ ಇದ್ದರು, ಅವರ ಮನೆಯವರೂ ಇದ್ದರು. ಮರಳಿನ ಮೇಲೆ ಅವರ ಹೇನು ತುಂಬಿದ ಬಟ್ಟೆ ಸುಟ್ಟು, ತಲೆ ಬೋಳಿಸಿ, ಹೊಸ ಬಟ್ಟೆ ಕೊಟ್ಟರು.

ಸೈನ್ಯ ಇರಾಕ್, ಪ್ಯಾಲೆಸ್ಟೈನ್ ದಾಟಿ ಇಟಲಿಗೆ ಹೋಯಿತು. ಹೆಂಗಸರು ಮಕ್ಕಳನ್ನು ಎಲ್ಲಿಡುವುದು? ಕೆಲವರು ಆಫ್ರಿಕಾಕ್ಕೆ, ಉಗಾಂಡಾ, ಟಾಂಗನಿಕಾಗೆ ಹೋದರು. ಕೆಲವರು ಮೆಕ್ಸಿಕೋಗೆ. 733 ಮಕ್ಕಳು ನ್ಯೂಜಿಲೆಂಡಿಗೆ. ಜಾಮ್‌ನಗರದ ಮಹಾರಾಜ ದಿಗ್ವಿಜಯ್‌ಸಿಂಹಜಿ ಸಮುದ್ರ ದಂಡೆಯ ಬಾಲಾಚಡಿಯಲ್ಲಿ ನೂರಾರು ಮಕ್ಕಳಿಗೆ ಆಸರೆ ಕೊಟ್ಟದ್ದು ಈಗ ತುಂಬಾ ಜನರಿಗೆ ಗೊತ್ತು. ಕೊಲ್ಹಾಪುರ ಸಂಸ್ಥಾನದ ವಳಿವಡೆ ಅದಕ್ಕಿಂತ ಎಷ್ಟೋ ದೊಡ್ಡದು. ಆದರೂ ಅದರ ಹೆಸರು ಬಂದದ್ದು ತಡವಾಗಿ. 2024ರ ಆಗಸ್ಟ್‌ನಲ್ಲಿ ಪ್ರಧಾನಿ ವಾರ್ಸಾದಲ್ಲಿ ಕೊಲ್ಹಾಪುರ ಸ್ಮಾರಕಕ್ಕೆ ಹೂವಿಟ್ಟಾಗ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಎಲ್ಲರೂ ಕೇಳಿದ್ದು ಒಂದೇ, ವಾರ್ಸಾದಲ್ಲಿ ಕೊಲ್ಹಾಪುರ ಯಾಕೆ ಅಂತ. ಆ ಹೊತ್ತಿಗೆ ಪಾನಿ ಇರಲಿಲ್ಲ.

ಇಲ್ಲೊಂದು ಮಾತು ಹೇಳಿಬಿಡಬೇಕು. ಆಂಡರ್ಸ್ ಸೈನಿಕರು 1944ರ ಮೇ 18ರಂದು ಇಟಲಿಯ ಮಾಂಟೆ ಕಸಿನೋ ಬೆಟ್ಟದ ಮೇಲೆ ತಮ್ಮ ಬಾವುಟ ಹಾರಿಸಿದರು. ಅದೇ ಬೆಟ್ಟಕ್ಕೆ ಅದೇ ವರ್ಷದ ಆರಂಭದಲ್ಲಿ ಏರಿ ಹೋಗಿ ಸತ್ತವರಲ್ಲಿ ನಾಲ್ಕನೇ ಭಾರತೀಯ ಡಿವಿಷನ್ನಿನ ಸೈನಿಕರೂ ಇದ್ದರು. ನಮ್ಮ ಬೆಳಗಾವಿಯಲ್ಲಿ ಕೇಂದ್ರವಿರುವ ಮರಾಠಾ ರೆಜಿಮೆಂಟಿನ ಯಶವಂತ ಘಾಡ್ಗೆ ಅದೇ ಇಟಲಿಯಲ್ಲಿ ಜುಲೈ 10ರಂದು ಸತ್ತು ವಿಕ್ಟೋರಿಯಾ ಕ್ರಾಸ್ ಪಡೆದರು. ಪಾನಿಯ ಅಪ್ಪ ಇಟಲಿಯಲ್ಲಿ, ನಮ್ಮ ಕಡೆಯ ಹುಡುಗರೂ ಇಟಲಿಯಲ್ಲಿ, ಪಾನಿ ನಮ್ಮ ಕಡೆ. ಇದನ್ನು ಹೇಳಿದಾಗ ಪಾನಿ ಸ್ವಲ್ಪ ಹೊತ್ತು ಸುಮ್ನೆ ಕೂತರು. ಆಮೇಲೆ ‘ಅವರ ಹೆಂಡತಿ ಮಕ್ಕಳಿಗೆ ಕ್ಯಾಂಪ್ ಬೇಕಾಗಲಿಲ್ಲ ಅಲ್ವಾ, ಮನೆ ಇತ್ತು’ ಅಂದರು.

ಬೆಲ್ಲದ ಕುತ್ಯಾ

ಮೂರನೇ ವರ್ಷವೋ ನಾಲ್ಕನೇ ವರ್ಷವೋ ಡಿಸೆಂಬರ್ 24ರ ರಾತ್ರಿ ಅವರು ನಮ್ಮನ್ನು ಊಟಕ್ಕೆ ಕರೆದರು. ನಾವು ಮಾಂಸ ತಿನ್ನಲ್ಲ ಅಂದೆ. ಆ ರಾತ್ರಿ ನಾವೂ ತಿನ್ನಲ್ಲ ಅಂದರು. ಕ್ರಿಸ್‌ಮಸ್ ಹಿಂದಿನ ರಾತ್ರಿಯ ಊಟ ಅವರಲ್ಲಿ ದೊಡ್ಡದು. ಆಕಾಶದಲ್ಲಿ ಮೊದಲ ನಕ್ಷತ್ರ ಕಂಡ ಮೇಲೆಯೇ ಕೂರಬೇಕು. ಮಕ್ಕಳು ಕಿಟಕಿಗೆ ಮೂಗು ಒತ್ತಿ ಕಾಯುತ್ತವೆ. ನಮ್ಮ ಕಡೆ ಸಂಕಷ್ಟಿಯ ದಿನ ಚಂದ್ರನಿಗೆ ಕಾಯುವ ಹಾಗೆ. ಮೇಜಿನ ಬಟ್ಟೆಯ ಕೆಳಗೆ ಒಂದಿಷ್ಟು ಒಣಹುಲ್ಲು. ತೆಳ್ಳಗಿನ ಬಿಳಿ ಹಪ್ಪಳದಂಥದ್ದನ್ನು ಒಬ್ಬರಿಗೊಬ್ಬರು ಮುರಿದು ಕೊಟ್ಟು ಹಾರೈಸುತ್ತಾರೆ. ಆ ಮನೆಯಲ್ಲಿ ಅವತ್ತು ಹದಿನಾಲ್ಕು ಜನ. ಮಗಳು, ಇಬ್ಬರು ಗಂಡುಮಕ್ಕಳು, ಸೊಸೆಯರು, ಮೊಮ್ಮಕ್ಕಳು, ನಾವು ಮೂವರು. ತಟ್ಟೆ ಹದಿನೈದು. ನನ್ನ ಮಗ ಎಣಿಸಿ ಒಂದು ಜಾಸ್ತಿ ಇದೆ ಅಂದ. ದಾರಿ ತಪ್ಪಿ ಬಂದವರಿಗೆ ಅಂತ ಮಗಳು ಹೇಳಿದರು. ಅದು ಪೋಲಂಡಿನ ಪದ್ಧತಿ, ಎಲ್ಲರ ಮನೆಯಲ್ಲೂ ಇರುತ್ತೆ.

ಕೊನೆಗೆ ಬಂದದ್ದು ಕುತ್ಯಾ. ಬೇಯಿಸಿದ ಗೋಧಿ, ಅರೆದ ಗಸಗಸೆ, ಜೇನು, ಒಣದ್ರಾಕ್ಷಿ. ಪೋಲಂಡಿನವರಲ್ಲಿ ಹೆಚ್ಚಾಗಿ ಪೂರ್ವದ ಕಡೆಯವರು ಮಾಡುವಂಥದ್ದು. ಮೊದಲ ಚಮಚಕ್ಕೆ ನನ್ನ ಕಣ್ಣು ತುಂಬಿತು. ನಮ್ಮ ಗೋಧಿ ಹುಗ್ಗಿ! ಬೆಲ್ಲ ಒಂದು ಇರಲಿಲ್ಲ. ಹೇಳಿದೆ. ಪಾನಿ ಚಮಚ ಕೆಳಗಿಟ್ಟರು. ವಳಿವಡೆಯಲ್ಲಿ ಮೊದಲ ಕ್ರಿಸ್‌ಮಸ್‌ಗೆ ಜೇನು ಸಿಗಲಿಲ್ಲವಂತೆ. ಅಮ್ಮ ಪೇಟೆಯಿಂದ ಬೆಲ್ಲದ ಅಚ್ಚು ತಂದು, ಕರಗಿಸಿ ಹಾಕಿದರಂತೆ. ಮುಂದಿನ ನಾಲ್ಕು ವರ್ಷವೂ ಹಾಗೇ. 1948ರಲ್ಲಿ ಇಂಗ್ಲೆಂಡಿಗೆ ಬಂದು, ಆರು ವರ್ಷದ ಮೇಲೆ ಅಪ್ಪನ ಜೊತೆ ಕೂತ ಮೊದಲ ಕ್ರಿಸ್‌ಮಸ್‌ನಲ್ಲಿ ಅಮ್ಮ ಜೇನು ಹಾಕಿ ಮಾಡಿದರು. ಅಪ್ಪ ಅತ್ತರು. ಹದಿನೈದು ವರ್ಷದ ಪಾನಿಗೆ ಮಾತ್ರ ಅದು ಸಪ್ಪೆ ಅನ್ನಿಸಿತು. ‘ಇದು ಕುತ್ಯಾ ಅಲ್ಲ ಅಂದುಬಿಟ್ಟೆ. ಅಪ್ಪ ನನ್ನನ್ನು ನೋಡಿದ್ದು ಇನ್ನೂ ನೆನಪಿದೆ. ತನ್ನ ಮಗಳ ನಾಲಿಗೆ ಬೇರೆ ಎಲ್ಲೋ ಬೆಳೆದಿದೆ ಅಂತ ಅವನಿಗೆ ಅವತ್ತು ಗೊತ್ತಾಯಿತು.’ ಮಗಳು, ಗಂಡುಮಕ್ಕಳು ಊಟ ನಿಲ್ಲಿಸಿ ಕೇಳುತ್ತಿದ್ದರು. ಅರವತ್ತರ ಹತ್ತಿರದ ಮಕ್ಕಳು. ಈ ಕತೆ ಅವರೂ ಅವತ್ತೇ ಮೊದಲು ಕೇಳಿದ್ದು.

ಅವತ್ತು ಅಡುಗೆಮನೆಯಲ್ಲಿ ಪಾತ್ರೆ ಒರೆಸುವಾಗ ಪಾನಿ ಮೆಲ್ಲಗೆ ಹೇಳಿದರು. ಹದಿನೈದನೇ ತಟ್ಟೆ ಪದ್ಧತಿಯದ್ದೇ. ಆದರೆ ಅವರ ಅಮ್ಮ ಅದರ ಮುಂದೆ ಯಾವಾಗಲೂ ಸಣ್ಣ ಚಮಚ ಇಡುತ್ತಿದ್ದರು. ಮಗುವಿನ ಚಮಚ. ಅಮ್ಮ ಹೋದ ಮೇಲೆ ಪಾನಿಯೂ ಅದನ್ನೇ ಮುಂದುವರಿಸಿದರು. ಯಾರೂ ಗಮನಿಸಿರಲಿಲ್ಲ. ನಾನು ಹಾಲಿಗೆ ಹೋಗಿ ನೋಡಿದೆ. ಹೌದು, ಸಣ್ಣ ಚಮಚ.

ಕೆಲಸ, ಮನೆ, ಶನಿವಾರದ ಶಾಲೆ

ಯುದ್ಧ ಮುಗಿದರೂ ಅವರಿಗೆ ಮನೆಗೆ ಹೋಗಲು ಆಗಲಿಲ್ಲ ಅನ್ನುವುದು ಅರ್ಥವಾಗಲು ನನಗೆ ಸಮಯ ಹಿಡಿಯಿತು. 1945ರ ಫೆಬ್ರವರಿಯಲ್ಲಿ ಯಾಲ್ಟಾದಲ್ಲಿ ರೂಸ್‌ವೆಲ್ಟ್, ಚರ್ಚಿಲ್, ಸ್ಟಾಲಿನ್ ಕೂತು ಗಡಿ ಎಳೆದರು. ವೊಲಿನ್ ಸೋವಿಯತ್‌ಗೆ ಹೋಯಿತು. ಅದೇ ಜುಲೈನಲ್ಲಿ ಬ್ರಿಟನ್ ಲಂಡನ್ನಿನ ಪೋಲಿಶ್ ಸರ್ಕಾರಕ್ಕೆ ಕೊಟ್ಟಿದ್ದ ಮಾನ್ಯತೆ ಹಿಂದೆ ತೆಗೆದುಕೊಂಡಿತು. ಗೆದ್ದ ಪಕ್ಷದಲ್ಲಿದ್ದು ಊರು ಕಳೆದುಕೊಂಡರು. 1947ರಲ್ಲಿ ಬ್ರಿಟನ್ ಕಾನೂನು ಮಾಡಿ ಪೋಲಿಶ್ ಸೈನಿಕರಿಗೆ, ಅವರ ಮನೆಯವರಿಗೆ ನೆಲೆಸಲು ಅವಕಾಶ ಕೊಟ್ಟಿತು. ವಳಿವಡೆಯಿಂದ ಕೆಲವರು ಇಂಗ್ಲೆಂಡಿಗೆ, ಕೆಲವರು ಆಸ್ಟ್ರೇಲಿಯಾಕ್ಕೆ, ಆಫ್ರಿಕಾಕ್ಕೆ, ಕೆಲವರು ಪೋಲಂಡಿಗೇ ಹೋದರು. ಬೆರಳೆಣಿಕೆಯ ಹುಡುಗಿಯರು ಭಾರತೀಯರನ್ನು ಮದುವೆಯಾಗಿ ಉಳಿದರು. ಅವರಲ್ಲೊಬ್ಬರು ಸೀರೆ ಉಟ್ಟು, ಮರಾಠಿ ಆಡುತ್ತಾ ಕೊಲ್ಹಾಪುರದಲ್ಲೇ ಮುದುಕಿಯಾದರು. ಪಾನಿಗೆ ಅವರ ಬಗ್ಗೆ ವಿಶೇಷ ಆಸಕ್ತಿ ಇತ್ತು. ‘ಅವಳಿಗೆ ಒಂದೇ ಸಲ ಊರು ಹೋಯಿತು. ನನಗೆ ಎರಡು ಸಲ’ ಅನ್ನುತ್ತಿದ್ದರು.

ಇಂಗ್ಲೆಂಡಿನಲ್ಲಿ ಮೊದಲು ಸಿಕ್ಕಿದ್ದು ಸೈನ್ಯ ಬಿಟ್ಟುಹೋದ ನಿಸ್ಸೆನ್ ಗುಡಿಸಲು. ತಗಡಿನ ಪೀಪಾಯಿಯನ್ನು ಉದ್ದಕ್ಕೆ ಸೀಳಿ ಕವುಚಿ ಹಾಕಿದ ಹಾಗಿರುತ್ತೆ. ನಡುವೆ ಕಂಬಳಿ ಕಟ್ಟಿ ಎರಡು ಸಂಸಾರ. ಗೋಡೆಯ ಒಳಗಿನಿಂದ ನೀರು ಇಳಿಯುತ್ತಿತ್ತಂತೆ. ವಳಿವಡೆಯಲ್ಲಿ ಹೆಂಚಿನ ಮಾಡು, ಜಗುಲಿ, ತಮ್ಮದೇ ಒಲೆ, ಸಿನಿಮಾ ಹಾಲು, ಚರ್ಚು, ಹೈಸ್ಕೂಲು ಎಲ್ಲ ಇತ್ತು. ಸೈನ್ಯದಲ್ಲಿ ದೊಡ್ಡ ಹುದ್ದೆಯಲ್ಲಿದ್ದ ಗಂಡಸರು ಹೋಟೆಲಿನಲ್ಲಿ ಬೆಳ್ಳಿ ಚಮಚ ಉಜ್ಜಿದರು. ಇದು ಉತ್ಪ್ರೇಕ್ಷೆ ಅಲ್ಲ. ನಾರ್ಮಂಡಿಯಲ್ಲಿ ಟ್ಯಾಂಕ್ ಪಡೆ ನಡೆಸಿದ ಜನರಲ್ ಮಾಚೆಕ್ ಎಡಿನ್‌ಬರೊದಲ್ಲಿ ಬಾರ್‌ನಲ್ಲಿ ಕೆಲಸ ಮಾಡಿದರು. ಆರ್ನೆಮ್ ಕದನಕ್ಕೆ ಪ್ಯಾರಾಶೂಟ್ ದಳ ಕರೆದೊಯ್ದ ಜನರಲ್ ಸೊಸಬೊವ್ಸ್ಕಿ ನಮ್ಮ ಈಲಿಂಗ್ ಪಕ್ಕದ ಆಕ್ಟನ್‌ನಲ್ಲಿ ಕಾರ್ಖಾನೆಯ ಉಗ್ರಾಣ ನೋಡಿಕೊಂಡರು. ನಾನು ದಿನಾ ಆಕ್ಟನ್ ಮೇಲೆ ಹಾದು ಹೋಗುತ್ತೇನೆ. ಇದು ಗೊತ್ತಾದ ಮೇಲೆ ಆ ಬೀದಿಗಳನ್ನು ಮೊದಲಿನ ಹಾಗೆ ನೋಡಲು ಆಗಿಲ್ಲ.

ಪಾನಿ ಹದಿನೇಳಕ್ಕೆ ಬಿಸ್ಕತ್ತು ಕಾರ್ಖಾನೆ ಸೇರಿದರು. ಇಪ್ಪತ್ತೆರಡಕ್ಕೆ ಮದುವೆ. ಗಂಡನೂ ಅದೇ ದಾರಿಯಲ್ಲಿ ಬಂದವರು, ಕಜಾಕಿಸ್ತಾನ, ಇರಾನ್, ಪ್ಯಾಲೆಸ್ಟೈನ್. ಮದುವೆಯಾದ ಮೊದಲ ತಿಂಗಳು ಇಬ್ಬರೂ ಒಬ್ಬರಿಗೊಬ್ಬರು ಗೊತ್ತಾಗದ ಹಾಗೆ ದಿಂಬಿನ ಕೆಳಗೆ ಬ್ರೆಡ್ಡಿನ ತುಂಡು ಇಟ್ಟುಕೊಳ್ಳುತ್ತಿದ್ದರಂತೆ. ಒಂದು ದಿನ ಹಾಸಿಗೆ ಒಗೆಯುವಾಗ ಎರಡೂ ಸಿಕ್ಕವು. ‘ಆಗ ಗೊತ್ತಾಯಿತು, ಸರಿಯಾದವನನ್ನೇ ಮದುವೆಯಾಗಿದ್ದೇನೆ ಅಂತ.’ ಇನ್ನೆರಡು ಸಂಸಾರದ ಜೊತೆ ದುಡ್ಡು ಸೇರಿಸಿ ಈಲಿಂಗ್‌ನ ಈ ಮನೆ ಕೊಂಡರು. ಪ್ರತಿ ಮಹಡಿಗೆ ಒಂದು ಸಂಸಾರ, ಎಲ್ಲರಿಗೂ ಒಂದೇ ಬಚ್ಚಲು. ಹತ್ತು ವರ್ಷದಲ್ಲಿ ಉಳಿದವರ ಪಾಲು ತೀರಿಸಿದರು. ಮೂರು ಮಕ್ಕಳೂ ಈ ಮನೆಯಲ್ಲೇ ಹುಟ್ಟಿದವು.

ಮನೆಯೊಳಗೆ ಪೋಲಿಶ್ ಮಾತ್ರ. ಶನಿವಾರ ಪೋಲಿಶ್ ಶಾಲೆ. ಬ್ರಿಟನ್ನಿನ ತುಂಬಾ ಇಂಥ ಶಾಲೆಗಳನ್ನು ಅವರೇ ಕಟ್ಟಿಕೊಂಡರು, ಚರ್ಚಿನ ಕೋಣೆಗಳಲ್ಲಿ, ಬಾಡಿಗೆ ಹಾಲುಗಳಲ್ಲಿ. ಮಾನ್ಯತೆ ಹೋದರೂ ಅವರ ದೇಶದ ಹಳೆಯ ಸರ್ಕಾರವೇ ಲಂಡನ್ನಿನ ಒಂದು ಮನೆಯಲ್ಲಿ ಇತ್ತು, ಅಧ್ಯಕ್ಷರ ಸಮೇತ. ಕೊನೆಯ ಅಧ್ಯಕ್ಷ ಕಚರೋವ್ಸ್ಕಿ ಸ್ಟಾಲಿನ್ ಕಾಲದಲ್ಲಿ ಮರಣದಂಡನೆಯಿಂದ ಪಾರಾಗಿ ಕೊಲಿಮಾದ ಸೋವಿಯತ್ ಶ್ರಮ ಶಿಬಿರ ಕಂಡು ಬಂದವರು. ಲಂಡನ್ನಿನಲ್ಲಿ ಲೆಕ್ಕ ಬರೆಯುವ ಕೆಲಸ ಮಾಡಿ ಇಬ್ಬರು ಹೆಣ್ಣುಮಕ್ಕಳನ್ನು ಬೆಳೆಸಿದವರು. 1990ರ ಡಿಸೆಂಬರ್ 22ರಂದು ಅವರು ವಾರ್ಸಾಕ್ಕೆ ಹೋಗಿ ಹಳೆಯ ಗಣರಾಜ್ಯದ ಮುದ್ರೆಗಳನ್ನು ಪೋಲಂಡಿನ ಹೊಸ ಅಧ್ಯಕ್ಷ ಲೆಖ್ ವಾವೆನ್ಸಾ ಕೈಗೆ ಕೊಟ್ಟರು. ಅದನ್ನು ಪಾನಿ ಟಿವಿಯಲ್ಲಿ ನೋಡಿದರು. ಗಂಡ ಆ ಹೊತ್ತಿಗೆ ತೀರಿಕೊಂಡಿದ್ದರು.

ಶನಿವಾರದ ಶಾಲೆಯ ಬಗ್ಗೆ ಮಗಳಿಗೆ ಇವತ್ತಿಗೂ ಸಿಟ್ಟಿದೆ. ಗೆಳತಿಯರೆಲ್ಲ ಆಡುವಾಗ ತಾನು ರಾಜರ ಪಟ್ಟಿ ಉರು ಹೊಡೆಯಬೇಕಿತ್ತು, ಕಾಣದ ಊರಿನ ನದಿಗಳ ಹೆಸರು ಬರೆಯಬೇಕಿತ್ತು ಅನ್ನುತ್ತಾರೆ. ತನ್ನ ಮಕ್ಕಳನ್ನು ಅವರು ಕಳಿಸಲಿಲ್ಲ. ಪಾನಿಯ ಮೊಮ್ಮಕ್ಕಳಿಗೆ ಅಜ್ಜಿಯ ಭಾಷೆಯಲ್ಲಿ ಊಟದ ಮಾತುಗಳು ಬರುತ್ತವೆ, ಅಷ್ಟೇ. ನಾನು ಮಗನನ್ನು ಭಾನುವಾರ ಕನ್ನಡ ಕ್ಲಾಸಿಗೆ ಎಳೆದುಕೊಂಡು ಹೋಗುವಾಗ ಇವರಿಬ್ಬರೂ ನೆನಪಾಗುತ್ತಾರೆ. ನನಗೆ ಎರಡೂ ಕಡೆ ನಿಜ ಕಾಣುತ್ತೆ. ನನಗೊಂದು ನಿಪ್ಪಾಣಿ ಇದೆ, ಟಿಕೆಟ್ ತೆಗೆದರೆ ಎರಡನೇ ದಿನ ಅಲ್ಲಿರುತ್ತೇನೆ. ಪಾನಿ ಮಕ್ಕಳಿಗೆ ಕಲಿಸಿದ ನದಿಗಳು ಪೋಲಂಡಿನ ನಕಾಶೆಯಲ್ಲೇ ಇರಲಿಲ್ಲ. ಆ ಬೇಡಿಕೆಯ ಭಾರ ಬೇರೆ. ಮಕ್ಕಳು ಅದನ್ನು ಹೊತ್ತರು. ಅದಕ್ಕೇ ಇರಬೇಕು, ಪಾನಿ ವಳಿವಡೆಯನ್ನು ಅವರಿಗೆ ಹೇಳಲಿಲ್ಲ. ಒಂದು ಕಳೆದುಹೋದ ಊರನ್ನು ಮಕ್ಕಳ ಹೆಗಲಿಗೆ ಹಾಕಿಯಾಗಿತ್ತು. ಇನ್ನೊಂದನ್ನು ತಮ್ಮ ಹತ್ತಿರವೇ ಇಟ್ಟುಕೊಂಡರು.

ಗಾಂಧಿನಗರ

2018ರ ಡಿಸೆಂಬರ್‌ನಲ್ಲಿ ಕಾಕಾನ ಮಗಳ ಮದುವೆಗೆ ಊರಿಗೆ ಹೋದೆ. ಜವಳಿಗೆ ಗಾಂಧಿನಗರಕ್ಕೆ ಹೊರಟರು. ನಮ್ಮ ಮನೆಯ ಎಲ್ಲ ಮದುವೆಗಳ ಜವಳಿಯೂ ಅಲ್ಲಿಂದಲೇ. ನನ್ನದೂ. ಸಗಟು ಬೆಲೆ, ಸಾಲು ಸಾಲು ಅಂಗಡಿ, ನಡೆಯಲು ಜಾಗವಿಲ್ಲದಷ್ಟು ಜನ. ಈ ಗಾಂಧಿನಗರವೇ ವಳಿವಡೆ ಕ್ಯಾಂಪ್ ಇದ್ದ ಜಾಗ. ಪೋಲಂಡಿನವರು ಬಿಟ್ಟುಹೋದ ಶೆಡ್ಡುಗಳಲ್ಲಿ ದೇಶ ಒಡೆದಾಗ ಸಿಂಧ್ ಬಿಟ್ಟು ಬಂದ ಸಿಂಧಿಗಳನ್ನು ಇರಿಸಿದರು. ಅವರು ಬಟ್ಟೆ ವ್ಯಾಪಾರ ಶುರು ಮಾಡಿ ಈ ಪೇಟೆ ಕಟ್ಟಿದರು. ನನ್ನ ಮದುವೆಯ ಸೀರೆ ನಾನು ಆರಿಸಿದ್ದು ಪಾನಿ ಓಡಾಡಿದ ನೆಲದ ಮೇಲೆ ಕೂತು.

ಆ ಸಲ ಸೀರೆ ನೋಡುವ ಮನಸ್ಸಿರಲಿಲ್ಲ. ಅಂಗಡಿಯ ಯಜಮಾನರನ್ನು ಹಳೆಯ ಬ್ಯಾರಕ್ ಯಾವುದಾದರೂ ಉಳಿದಿದೆಯಾ ಅಂತ ಕೇಳಿದೆ. ಅವರು ಗದ್ದಿಗೆಯಿಂದ ಎದ್ದು ಬಂದರು. ಹಿಂದಿನ ಸಂದಿಯಲ್ಲಿ ಕರೆದುಕೊಂಡು ಹೋಗಿ ಒಂದು ಕಲ್ಲಿನ ಪಾಯ ತೋರಿಸಿದರು. ಮೇಲೆ ಹೊಸ ಇಟ್ಟಿಗೆ ಗೋಡೆ, ಕೆಳಗೆ ಹಳೆಯ ಕಲ್ಲು. ‘ನನ್ನ ಅಜ್ಜ ಬಂದು ಇಳಿದದ್ದು ಇಲ್ಲೇ. ಮನೆಯೊಳಗೆ ಒಲೆ ಕಟ್ಟಿಟ್ಟಿತ್ತು ಅಂತ ಅಜ್ಜಿ ಹೇಳುತ್ತಿದ್ದಳು. ಬಂದ ದಿನವೇ ರೊಟ್ಟಿ ಮಾಡಿದಳಂತೆ’ ಅಂದರು. ಫೋಟೋ ತೆಗೆದುಕೊಂಡೆ. ಕಲ್ಲು, ಸಂದಿ, ಸೀರೆ ಅಂಗಡಿ, ರೈಲು ಹಳಿ.

ವಾಪಸ್ ಬರುವಾಗ ಕಾರಿನಲ್ಲಿ ಅಪ್ಪನಿಗೆ ಎಲ್ಲ ಹೇಳಿದೆ. ಅಪ್ಪ ಕಿಟಕಿ ಕಡೆ ನೋಡುತ್ತಾ, ‘ಪೋಲಂಡ್ ಕ್ಯಾಂಪಾ? ಅಜ್ಜ ಹೇಳ್ತಿದ್ದ’ ಅಂದರು. ಅಜ್ಜ ಗಾಡಿಯಲ್ಲಿ ಕೊಲ್ಹಾಪುರದ ಪೇಟೆಗೆ ಬೆಲ್ಲ ಒಯ್ಯುತ್ತಿದ್ದರು. ಬಿಳಿ ಹೆಂಗಸರು ಬಂದು ಅಚ್ಚು ಮೂಸಿ ನೋಡಿ ಕೊಳ್ಳುತ್ತಿದ್ದರಂತೆ. ಚೌಕಾಸಿ ಮರಾಠಿಯಲ್ಲೇ ಮಾಡುತ್ತಿದ್ದರಂತೆ. ‘ಯಾಕೆ ನಮಗೆ ಹೇಳಲಿಲ್ಲ?’ ಅಂದೆ. ‘ನೀವು ಕೇಳಲಿಲ್ಲ’ ಅಂದರು ಅಪ್ಪ. ಪಾನಿಯ ಅಮ್ಮನ ಕುತ್ಯಾಕ್ಕೆ ಬಿದ್ದ ಬೆಲ್ಲ ನಮ್ಮ ಅಜ್ಜನ ಗಾಡಿಯದ್ದು ಅಂತ ನಾನು ಹೇಳುವುದಿಲ್ಲ. ಆ ಪೇಟೆಗೆ ನೂರಾರು ಗಾಡಿ ಬರುತ್ತಿದ್ದವು. ಆದರೂ ಅವತ್ತು ಮನೆಗೆ ಬಂದು ಎರಡು ಕಿಲೋ ಬೆಲ್ಲ ಪೆಟ್ಟಿಗೆಗೆ ಹಾಕಿಕೊಂಡೆ.

ಜನವರಿಯ ಒಂದು ಸಂಜೆ ಪಾನಿಯ ಮನೆಗೆ ಹೋದೆ. ಬೆಲ್ಲವನ್ನು ಅವರು ಮೊದಲು ಮೂಸಿದರು. ಆಮೇಲೆ ಫೋಟೋ ತೋರಿಸಿದೆ. ಅಂಗಡಿಗಳು ಅವರಿಗೆ ಗುರುತು ಸಿಗಲಿಲ್ಲ. ರೈಲು ಹಳಿ ನೋಡಿ ತಲೆಯಾಡಿಸಿದರು. ಕಲ್ಲಿನ ಪಾಯದ ಫೋಟೋವನ್ನು ಬೆರಳಲ್ಲಿ ದೊಡ್ಡದು ಮಾಡಿ, ಕನ್ನಡಕ ತೆಗೆದು, ಕಣ್ಣಿನ ಹತ್ತಿರ ಹಿಡಿದು ನೋಡಿದರು. ಅಂಗಡಿಯವರ ಅಜ್ಜಿ ಬಂದ ದಿನವೇ ಆ ಒಲೆಯಲ್ಲಿ ರೊಟ್ಟಿ ಮಾಡಿದ್ದನ್ನು ಹೇಳಿದೆ.

ಪಾನಿ ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ 1948ರಲ್ಲಿ ವಳಿವಡೆ ಬಿಟ್ಟ ಬೆಳಗಿನ ಬಗ್ಗೆ ಹೇಳಿದರು. ಅದುವರೆಗೆ ಹೇಳಿರಲಿಲ್ಲ. ಟ್ರಂಕು ಕಟ್ಟಿಯಾಗಿತ್ತು, ಹೊರಗೆ ಕರೆಯುತ್ತಿದ್ದರು. ಅಮ್ಮ ಮಾತ್ರ ಒಳಗೆ ಕಸ ಗುಡಿಸುತ್ತಿದ್ದರು. ಯಾರಿಗೋಸ್ಕರ ಅಂತ ಪಾನಿ ಸಿಡುಕಿದರಂತೆ. ಅಮ್ಮ ಉತ್ತರ ಕೊಡದೆ ಒಲೆಯ ಬೂದಿ ತೆಗೆದು, ಉಳಿದಿದ್ದ ಕಟ್ಟಿಗೆಯನ್ನು ಪಕ್ಕದಲ್ಲಿ ಒಟ್ಟಿ, ಮೇಲೆ ಅರ್ಧ ತುಂಬಿದ ಬೆಂಕಿಪೆಟ್ಟಿಗೆ ಇಟ್ಟು, ಬಾಗಿಲು ಎಳೆದುಕೊಂಡರು. ಈ ಸಲ ಅರ್ಧ ಗಂಟೆಗಿಂತ ಜಾಸ್ತಿ ಟೈಮಿತ್ತು.

‘ಅವರು ಬಂದದ್ದು ಮಳೆಗೆ ಮುಂಚೆಯಾ, ಆಮೇಲೆಯಾ?’ ಪಾನಿ ಕೇಳಿದರು. ‘ಮಾಡು ಮೂಲೆಯಲ್ಲಿ ಸೋರುತ್ತಿತ್ತು. 1948ರಿಂದ ಅಮ್ಮನಿಗೆ ಅದೇ ಚಿಂತೆ. ಜೂನ್ ದಾಟಿದ್ದರೆ ಕಟ್ಟಿಗೆ ನೆನೆದಿರುತ್ತೆ.’

ಅದನ್ನು ನಾನು ಅಂಗಡಿಯವರ ಹತ್ತಿರ ಕೇಳಿರಲಿಲ್ಲ.